ಮಗು ಸ್ಕೂಲಲ್ಲಿ ಕಾಟ ತಿಂತಿದ್ರೆ ಅಪ್ಪ ಅಮ್ಮ ಏನೇನ್ ಮಾಡ್ಬೇಕು

ಮಗು ಸ್ಕೂಲಿಂದ ಬಂದು "ಅಮ್ಮಾ, ಅವ್ನು ದಿನಾ ಹೊಡೀತಾನೆ" ಅಂದ್ರೆ ನಮ್ಮ ಮನೆಗಳಲ್ಲಿ ಸಾಮಾನ್ಯವಾಗಿ ಎರಡರಲ್ಲಿ ಒಂದು ನಡೆಯುತ್ತೆ. ಒಂದೋ "ಮಕ್ಕಳಂದ್ಮೇಲೆ ಇದ್ದಿದ್ದೇ, ಹೋಗಿ ಓದ್ಕೋ" ಅಂತೀವಿ, ಇಲ್ಲಾ ಅಪ್ಪ ಶರ್ಟ್ ಹಾಕ್ಕೊಂಡು "ಯಾವನವ್ನು, ತೋರ್ಸು ನಡಿ" ಅಂತ ಹೊರಟೇಬಿಡ್ತಾರೆ. ಎರಡೂ ಕಡೆ ಮಗುಗೆ ಅರ್ಥ ಆಗೋದು ಒಂದೇ, ಇನ್ಮೇಲೆ ಮನೇಲಿ ಬಾಯಿ ಬಿಡಬಾರ್ದು. ನಾನು ಹೈಸ್ಕೂಲ್ ಟೀಚರ್, ಕ್ಲಾಸ್ ಟೀಚರ್ ಆಗಿ ತುಂಬಾ ವರ್ಷ ಆಯ್ತು, ತಿಂಗಳುಗಟ್ಲೆ ಕಾಟ ತಿಂದಿರೋ ಮಕ್ಕಳನ್ನ ಪಕ್ಕದಲ್ಲಿ ಕೂರಿಸ್ಕೊಂಡು ಮನೇಲಿ ಯಾಕೋ ಹೇಳ್ಲಿಲ್ಲ ಅಂತ ಕೇಳಿದ್ರೆ ಬರೋ ಉತ್ತರ ಹೆಚ್ಚುಕಮ್ಮಿ ಒಂದೇ ಥರ ಇರುತ್ತೆ, "ಹೇಳಿದ್ದೆ ಮಿಸ್, ಒಂದ್ಸಲ." ಆ ಒಂದ್ಸಲ ಮನೆಯವರು ಏನಂದ್ರು ಅನ್ನೋದ್ರ ಮೇಲೇ ಮುಂದಿನದೆಲ್ಲಾ ನಿಂತಿರುತ್ತೆ. ಅದಕ್ಕೇ ಇದನ್ನ ಬರೀತಿದೀನಿ, ಸ್ಕೂಲು, ಕಾನೂನು, ಹೆಲ್ಪ್‌ಲೈನು ಎಲ್ಲಾ ಹೇಳ್ತೀನಿ, ಆದ್ರೆ ಮೊದ್ಲು ಮನೆ.

ಕೀಟಲೆ ಎಲ್ಲಿ ಮುಗಿಯುತ್ತೆ, ಕಾಟ ಎಲ್ಲಿ ಶುರುವಾಗುತ್ತೆ

ಮಕ್ಕಳು ಒಬ್ರಿಗೊಬ್ರು ಕಿಚಾಯಿಸ್ಕೋತಾರೆ, ಠೂ ಬಿಡ್ತಾರೆ, ಸಂಜೆಗೆ ಮತ್ತೆ ಒಂದಾಗ್ತಾರೆ, ಅದಕ್ಕೆಲ್ಲಾ ನಾವು ಮಧ್ಯ ಹೋಗೋದೇ ಬೇಡ. ನಾರ್ವೆ ದೇಶದ ಡಾನ್ ಓಲ್ವೇಯಸ್ ಅನ್ನೋ ಸೈಕಾಲಜಿಸ್ಟ್ 1970ರ ದಶಕದಿಂದ ಇದನ್ನೇ ಅಧ್ಯಯನ ಮಾಡ್ದವರು, ಅವರು ಮೂರು ವಿಷಯ ನೋಡಿ ಅಂದ್ರು, ಇವತ್ತಿಗೂ ಪ್ರಪಂಚದಲ್ಲೆಲ್ಲಾ ಅದೇ ಅಳತೆ ನಡೀತಿದೆ. ಬೇಕುಬೇಕಂತ ನೋಯಿಸ್ತಿದಾರಾ, ಮತ್ತೆ ಮತ್ತೆ ಆಗ್ತಿದೆಯಾ, ಮತ್ತೆ ಇಬ್ಬರ ಬಲ ಸಮ ಇಲ್ವಾ. ಮೂರನೇದು ಮುಖ್ಯ, ಯಾಕಂದ್ರೆ ದೊಡ್ಡವರು ಯಾವಾಗ್ಲೂ ಅದನ್ನೇ ಮರೀತಾರೆ. ಬಲ ಅಂದ್ರೆ ಬರೀ ಮೈಕಟ್ಟಲ್ಲ, ಆ ಕಡೆ ಐದು ಜನ ಈ ಕಡೆ ಒಬ್ಬಳು ಅಂದ್ರೂ ಬಲ ಸಮ ಇಲ್ಲ, ಕ್ಲಾಸ್ ಲೀಡರ್ ಒಬ್ಬ ಹೊಸದಾಗಿ ಸೇರಿದೋನು ಒಬ್ಬ ಅಂದ್ರೂ ಇಲ್ಲ, ಫೀಸ್ ಕಟ್ಟೋ ಮಕ್ಕಳ ಮಧ್ಯೆ ಆರ್‌ಟಿಇ (ಶಿಕ್ಷಣ ಹಕ್ಕು ಕಾಯ್ದೆ) ಸೀಟಲ್ಲಿ ಬಂದ ಮಗು ಇದ್ರೂ ಇಲ್ಲ.

ನಮ್ಮ ಕಡೆ ಕಾಟ ಯಾವುದ್ರ ಮೇಲೆ ಶುರುವಾಗುತ್ತೆ ಅಂತ ನಿಮಗೂ ಗೊತ್ತು. ಮೈಬಣ್ಣ, ದಪ್ಪ, ಕುಳ್ಳ, ಕನ್ನಡಕ ಹಾಕಿದ್ರೆ ಸೋಡಾಬುಡ್ಡಿ, ತೊದಲು, ಜಾತಿ, ಟಿಫನ್ ಬಾಕ್ಸಲ್ಲಿ ಏನಿದೆ ಅನ್ನೋದು, ಸ್ಕೂಲಲ್ಲಿ ಮೊಟ್ಟೆ ಕೊಟ್ಟಾಗ ಯಾರು ತಿಂದ್ರು ಯಾರು ಬಾಳೆಹಣ್ಣು ತಗೊಂಡ್ರು ಅನ್ನೋದು, ಅಪ್ಪ ಏನ್ ಕೆಲಸ ಮಾಡ್ತಾರೆ ಅನ್ನೋದು, ಇಂಗ್ಲಿಷ್ ಮೀಡಿಯಂ ಸ್ಕೂಲಲ್ಲಿ ಇಂಗ್ಲಿಷ್ ತಪ್ಪಾದ್ರೆ ಅದು. ಹುಡುಗಿಯರಲ್ಲಿ ಹೊಡೆತ ಕಮ್ಮಿ ಕಾಣ್ಬಹುದು, ಆದ್ರೆ ಗುಂಪಿಂದ ಹೊರಗಿಡೋದು, ಅವಳ ಜೊತೆ ಯಾರೂ ಕೂರಬೇಡಿ ಅನ್ನೋದು, ಇಲ್ಲಸಲ್ಲದ ಸುದ್ದಿ ಹಬ್ಬಿಸೋದು ಇರುತ್ತೆ, ಗಾಯ ಕಾಣಲ್ಲ ಅಂತ ಇದನ್ನ ಹಗುರವಾಗಿ ತಗೋಬೇಡಿ. ಯುನೆಸ್ಕೋ 2019ರಲ್ಲಿ ಕೊಟ್ಟ ವರದಿ ಪ್ರಕಾರ ಪ್ರಪಂಚದಲ್ಲಿ ಹೆಚ್ಚುಕಮ್ಮಿ ಮೂರರಲ್ಲಿ ಒಂದು ಮಗು ಹಿಂದಿನ ಒಂದು ತಿಂಗಳಲ್ಲಿ ಸ್ಕೂಲಲ್ಲಿ ಇಂಥದ್ದನ್ನ ಅನುಭವಿಸಿತ್ತು. ಹಾಗಾಗಿ "ನಮ್ ಮಗುಗೆ ಮಾತ್ರ ಯಾಕಪ್ಪಾ ಹಿಂಗೆ" ಅಂತ ನಾಚಿಕೆ ಪಡೋ ಅಗತ್ಯ ಇಲ್ಲ.

ಹೇಳದೇ ಇರೋ ಮಗುನ ಹೇಗೆ ಕಂಡುಹಿಡಿಯೋದು

ಬಹಳಷ್ಟು ಮಕ್ಕಳು ತಾವಾಗೇ ಹೇಳಲ್ಲ. ಚಾಡಿಕೋರ ಅನ್ನಿಸ್ಕೋಬೇಕಾಗುತ್ತೆ ಅನ್ನೋ ಭಯ, ಅಪ್ಪ ಬಂದು ಗಲಾಟೆ ಮಾಡಿದ್ರೆ ನಾಳೆ ಇನ್ನೂ ಜಾಸ್ತಿ ಬೀಳುತ್ತೆ ಅನ್ನೋ ಭಯ, ಕೆಲವು ಮಕ್ಕಳಿಗೆ ತಪ್ಪು ತನ್ನದೇ ಅಂತ ಅನ್ನಿಸಿಬಿಟ್ಟಿರುತ್ತೆ. ಅದಕ್ಕೆ ನೀವು ನೋಡಬೇಕು.

ನಾನು ಪೋಷಕರಿಗೆ ಮೊದ್ಲು ಕೇಳೋ ಪ್ರಶ್ನೆ, ಮನೆಗೆ ಬಂದ ತಕ್ಷಣ ಮಗು ಬ್ಯಾಗ್ ಎಸೆದು ಬಾತ್‌ರೂಮಿಗೆ ಓಡುತ್ತಾ ಅಂತ. ಸ್ಕೂಲ್ ಟಾಯ್ಲೆಟ್ ಅಂದ್ರೆ ಮೇಷ್ಟ್ರುಗಳ ಕಣ್ಣು ಬೀಳದ ಜಾಗ, ಕಾಟ ಕೊಡೋರು ಕಾಯೋದು ಅಲ್ಲೇ, ಹಾಗಾಗಿ ಎಷ್ಟೋ ಮಕ್ಕಳು ಬೆಳಗ್ಗೆಯಿಂದ ಸಂಜೆವರೆಗೂ ತಡ್ಕೊಂಡು ಕೂತಿರ್ತಾರೆ, ನೀರೂ ಕುಡಿಯಲ್ಲ, ವಾಟರ್ ಬಾಟಲ್ ತುಂಬಿದ್ದು ತುಂಬಿದ್ದ ಹಾಗೇ ವಾಪಸ್ ಬರುತ್ತೆ. (ಟಾಯ್ಲೆಟ್ ಗಲೀಜಾಗಿದೆ ಅಂತಲೂ ಹೋಗದೇ ಇರಬಹುದು, ಅದೂ ಕೇಳಿ ತಿಳ್ಕೋಬೇಕಾದ್ದೇ.) ಇನ್ನೊಂದು, ಟಿಫನ್ ಬಾಕ್ಸ್ ಖಾಲಿ ಇದ್ರೂ ಮಗು ಹಸಿದು ಕಂಗಾಲಾಗಿ ಬಂದ್ರೆ ಊಟ ಬೇರೆ ಯಾರೋ ತಿಂದಿದಾರೆ ಅಂತ. ಜಾಮೆಟ್ರಿ ಬಾಕ್ಸ್, ಪೆನ್ನು, ಎರೇಸರ್ ವಾರಕ್ಕೊಂದ್ಸಲ ಕಳ್ದೋಗೋದು, ಯೂನಿಫಾರಂ ಗುಂಡಿ ಕಿತ್ತಿರೋದು, ಪುಸ್ತಕದ ಹಾಳೆ ಹರಿದಿರೋದು. ಭಾನುವಾರ ಸಂಜೆ ಸಪ್ಪಗಾಗೋದು, ಸೋಮವಾರ ಬೆಳಗ್ಗೆ ಹೊಟ್ಟೆನೋವು, ರಜೆ ಅಂದ ಕೂಡ್ಲೇ ಹೊಟ್ಟೆನೋವು ಮಾಯ. ಇದನ್ನ ನಾಟಕ ಅಂದುಬಿಡ್ತೀವಿ, ಆದ್ರೆ ಭಯಕ್ಕೆ ಹೊಟ್ಟೆ ನಿಜವಾಗ್ಲೂ ನೋಯುತ್ತೆ. ವ್ಯಾನಲ್ಲಿ ಹೋಗಲ್ಲ ನೀವೇ ಬಿಡಿ ಅನ್ನೋದು, ದಾರಿ ಬದಲಾಯಿಸೋದು, ತಮ್ಮನ ಮೇಲೆ ಇದ್ದಕ್ಕಿದ್ದಂಗೆ ಕೈ ಮಾಡೋಕೆ ಶುರು ಮಾಡೋದು, ಮನೇಲಿ ದುಡ್ಡು ಕಾಣೆಯಾಗೋದು. ಇದ್ರಲ್ಲಿ ಯಾವುದೋ ಒಂದಿದ್ರೆ ಅದೇ ಅಂತಲ್ಲ, ಎರಡು ಮೂರು ಒಟ್ಟಿಗೆ ಇದ್ದು ಕೆಲವು ವಾರದಿಂದ ನಡೀತಿದ್ರೆ ಕೂತು ಮಾತಾಡ್ಬೇಕು.

ಮಾತಾಡೋದು ಅಂದ್ರೆ ಎದುರಿಗೆ ಕೂರಿಸ್ಕೊಂಡು ವಿಚಾರಣೆ ಮಾಡೋದಲ್ಲ. ಗಾಡೀಲಿ ಹಿಂದೆ ಕೂತಾಗ, ಅವರೆಕಾಯಿ ಬಿಡಿಸ್ತಾ, ರಾತ್ರಿ ಲೈಟ್ ಆರಿಸಿದ ಮೇಲೆ, ಮುಖ ಮುಖ ನೋಡದೇ ಇರೋ ಹೊತ್ತಲ್ಲಿ ಮಕ್ಕಳು ಮಾತಾಡ್ತಾರೆ. "ಇವತ್ತು ಸ್ಕೂಲ್ ಹೇಗಿತ್ತು" ಅಂದ್ರೆ "ಚೆನ್ನಾಗಿತ್ತು" ಅಂತಷ್ಟೇ ಬರುತ್ತೆ. "ಊಟಕ್ಕೆ ಯಾರ ಪಕ್ಕ ಕೂತಿದ್ದೆ", "ಪಿಟಿ ಪೀರಿಯಡಲ್ಲಿ ಯಾರ ಟೀಮು", "ನಿಮ್ ಕ್ಲಾಸಲ್ಲಿ ಯಾರಿಗೆ ಎಲ್ರೂ ಸೇರಿ ರೇಗಿಸ್ತಾರೆ" ಅಂತ ಕೇಳಿ. ಕೊನೇ ಪ್ರಶ್ನೆ ಒಳ್ಳೇದು, ಬೇರೆಯವರ ವಿಷಯ ಅನ್ಕೊಂಡು ಶುರು ಮಾಡಿ ಎಷ್ಟೋ ಮಕ್ಕಳು ತಮ್ಮ ವಿಷಯಕ್ಕೆ ಬರ್ತಾರೆ.

ಬಾಯಿ ಬಿಟ್ಟ ಮೇಲೆ ಮೊದಲ ಐದು ನಿಮಿಷ

ಒಂದೇ ಭಾಗ ಬರೀಬೇಕು ಅಂತಿದ್ದಿದ್ರೆ ನಾನು ಈ ಭಾಗ ಮಾತ್ರ ಬರೀತಿದ್ದೆ. ಮಧ್ಯ ಬಾಯಿ ಹಾಕದೇ ಪೂರ್ತಿ ಕೇಳಿ. ಮುಖ ಕೆಂಪಾಗ್ತಿದ್ರೆ, ಕಣ್ಣಲ್ಲಿ ನೀರು ಬರ್ತಿದ್ರೆ ಸ್ವಲ್ಪ ತಡ್ಕೊಳ್ಳಿ, ನೀವು ಅತ್ರೆ ಮಗು ನಿಮ್ಮನ್ನ ಸಮಾಧಾನ ಮಾಡೋಕೆ ಕೂರುತ್ತೆ, ನಿಮಗೆ ನೋವಾಗುತ್ತೆ ಅಂತ ನಾಳೆಯಿಂದ ಮುಚ್ಚಿಡುತ್ತೆ. ಆಮೇಲೆ ಮೂರು ಮಾತು ಸಾಕು, ನಿಮ್ಮ ಮನೆ ಭಾಷೇಲಿ ಹೇಗೆ ಬರುತ್ತೋ ಹಾಗೆ: "ಹೇಳಿದ್ದು ಒಳ್ಳೇದಾಯ್ತು ಪುಟ್ಟ. ಇದ್ರಲ್ಲಿ ನಿನ್ ತಪ್ಪಿಲ್ಲ. ಏನ್ ಮಾಡೋಣ ಅಂತ ಇಬ್ರೂ ಸೇರಿ ಯೋಚ್ನೆ ಮಾಡೋಣ, ನಿನಗೆ ಹೇಳ್ದೆ ನಾನು ಏನೂ ಮಾಡಲ್ಲ." ಕೊನೇ ಮಾತು ಕೊಟ್ಟ ಮೇಲೆ ಉಳಿಸ್ಕೊಳ್ಳಿ. ಬರೀ "ಯಾರಿಗೂ ಹೇಳಲ್ಲ" ಅಂತ ಮಾತ್ರ ಪ್ರಮಾಣ ಮಾಡ್ಬೇಡಿ, ಯಾಕಂದ್ರೆ ಮಿಸ್‌ಗೆ ಹೇಳ್ಬೇಕಾಗಿ ಬರಬಹುದು, ಆವಾಗ ಮಾತು ತಪ್ಪಿದ ಹಾಗಾಗುತ್ತೆ.

ಹೇಳಬಾರದ ಮಾತುಗಳೂ ಇವೆ, ಎಲ್ಲಾ ನಮಗೆ ಕೇಳಿ ಅಭ್ಯಾಸ ಆಗಿರೋವೇ. "ನೀನೇನ್ ಮಾಡಿದ್ದೆ ಮೊದ್ಲು ಹೇಳು." "ಗಂಡು ಹುಡುಗ ಆಗಿ ಅಳ್ತೀಯಲ್ಲೋ." "ನಿನ್ ಅಣ್ಣನ್ನ ನೋಡು, ಅವನಿಗೆ ಯಾರಾದ್ರೂ ಹಿಂಗ್ ಮಾಡ್ತಾರಾ." "ನಮ್ ಕಾಲದಲ್ಲಿ ಇದಕ್ಕಿಂತ ಜಾಸ್ತಿ ತಿಂದಿದೀವಿ." ಇವನ್ನ ಕೇಳಿದ ಮಗುಗೆ ಸ್ಕೂಲಲ್ಲಿ ಆಗಿದ್ದೇ ಮನೇಲೂ ಆದಂಗೆ.

"ನೀನೂ ಎರಡು ಬಾರಿಸು" ಅನ್ನೋದ್ರ ಬಗ್ಗೆ ಸ್ವಲ್ಪ ಜಾಸ್ತಿ ಹೇಳ್ಬೇಕು, ಯಾಕಂದ್ರೆ ಅಪ್ಪಂದಿರು ತುಂಬಾ ಪ್ರೀತಿಯಿಂದಲೇ ಇದನ್ನ ಹೇಳೋದು. ತಿರುಗಿಸಿ ಹೊಡೆಯೋ ಶಕ್ತಿ ಇದ್ದಿದ್ರೆ ಮಗು ನಿಮ್ಮ ಹತ್ರ ಬರ್ತಾನೇ ಇರ್ಲಿಲ್ಲ. ಹೊಡಿ ಅಂದಾಗ ಎರಡರಲ್ಲಿ ಒಂದಾಗುತ್ತೆ, ಹೊಡೆಯೋಕಾಗ್ದೇ "ಅಪ್ಪ ಹೇಳಿದ್ದೂ ನನ್ ಕೈಲಿ ಆಗ್ಲಿಲ್ಲ" ಅಂತ ಇನ್ನೊಂದು ಸೋಲು ಹೊತ್ಕೊಂಡು ಬರುತ್ತೆ, ಇಲ್ಲಾ ಹೊಡೆದು ಸಿಕ್ಕಿಬಿದ್ದು ಸ್ಟಾಫ್ ರೂಮಲ್ಲಿ ಅದೇ ತಪ್ಪಿತಸ್ಥ ಆಗುತ್ತೆ, ಮೊದಲಿಂದ ಕಾಟ ಕೊಟ್ಟೋನು ಪಕ್ಕದಲ್ಲಿ ನಿಂತು ಅಳ್ತಿರ್ತಾನೆ. ಅದರ ಬದಲು ಮನೇಲಿ ಚಿಕ್ಕ ಮಾತು ಪ್ರಾಕ್ಟೀಸ್ ಮಾಡ್ಸಿ, ನೀವು ಕಾಟ ಕೊಡೋ ಹುಡುಗ ಆಗಿ, ಮಗು "ನಿಲ್ಸು, ನಂಗಿಷ್ಟ ಇಲ್ಲ" ಅಂತ ದೊಡ್ಡ ದನೀಲಿ ಹೇಳಿ ಜನ ಇರೋ ಕಡೆ ನಡ್ಕೊಂಡು ಹೋಗ್ಲಿ. ನಾಲ್ಕೈದು ಸಲ ಆಡಿದ್ರೆ ದನಿ ಬರುತ್ತೆ. ಇದು ಎಲ್ಲಾ ಸಲ ಕೆಲಸ ಮಾಡುತ್ತೆ ಅಂತ ಹೇಳಲ್ಲ, ಐದಾರು ಜನ ಸುತ್ತ ನಿಂತಾಗ ಮಾಡಲ್ಲ. ಹಾಗಾದಾಗ ದೊಡ್ಡವರನ್ನ ಕರೆಯೋದೇ ಸರಿ, ಅದು ಚಾಡಿ ಅಲ್ಲ ಅಂತ ನೀವೇ ಬಾಯಿಬಿಟ್ಟು ಹೇಳ್ಬೇಕು.

ಸ್ಕೂಲಿಗೆ ಹೋಗೋ ಮುಂಚೆ

ಒಂದು ನೋಟ್‌ಬುಕ್ ಇಡಿ. ತಾರೀಕು, ಎಷ್ಟೊತ್ತಿಗೆ, ಎಲ್ಲಿ, ಯಾರು ಏನ್ ಮಾಡಿದ್ರು, ಪಕ್ಕದಲ್ಲಿ ಯಾರಿದ್ರು, ಯಾವ ಟೀಚರ್‌ಗೆ ಹೇಳಿದ್ವಿ, ಅವರೇನಂದ್ರು. ಮಗು ಹೇಳಿದ ಮಾತು ಹಾಗೇ ಬರೀರಿ, ನಿಮ್ಮ ಕೋಪ ಸೇರಿಸ್ಬೇಡಿ. ಗಾಯ, ಹರಿದ ಬಟ್ಟೆ ಇದ್ರೆ ಫೋಟೋ. ಇದರಿಂದ ಒಂದು ದೊಡ್ಡ ಉಪಯೋಗ ಇದೆ, ಎರಡು ವಾರದ ನೋಟ್ಸ್ ಒಟ್ಟಿಗೆ ಓದಿದ್ರೆ ಜಾಗ ಮತ್ತೆ ಹೊತ್ತು ತಾನಾಗೇ ಕಾಣುತ್ತೆ, ಎಲ್ಲಾ ಊಟದ ಲೈನಲ್ಲೇ ಆಗ್ತಿದೆ, ಇಲ್ಲಾ ಬೆಲ್ ಹೊಡೆದು ಮುಂದಿನ ಟೀಚರ್ ಬರೋದ್ರೊಳಗಿನ ಐದು ನಿಮಿಷದಲ್ಲೇ ಆಗ್ತಿದೆ ಅಂತ. "ನನ್ ಮಗಳಿಗೆ ಎಲ್ರೂ ತೊಂದ್ರೆ ಕೊಡ್ತಾರೆ" ಅಂದ್ರೆ ಟೀಚರ್ ಏನೂ ಮಾಡೋಕಾಗಲ್ಲ, "ಊಟದ ಲೈನಲ್ಲಿ ಕೈತೊಳೆಯೋ ನಲ್ಲಿ ಹತ್ರ" ಅಂದ್ರೆ ನಾಳೆನೇ ಅಲ್ಲಿ ಒಬ್ರು ನಿಲ್ಲಬಹುದು.

ಆ ಹುಡುಗನ ಮನೆಗೆ ನೇರ ಹೋಗ್ಬೇಡಿ. ಸ್ಕೂಲ್ ಗೇಟಲ್ಲಿ ಆ ಮಗುನ ತಡೆದು ಬೈಯೋದಂತೂ ಬೇಡವೇ ಬೇಡ, ಬೇರೆಯವರ ಮಗುನ ಹೆದರಿಸಿದ್ರೆ ಅವತ್ತಿಂದ ಸ್ಕೂಲಿನ ಪೂರ್ತಿ ಗಮನ ನಿಮ್ಮ ಮೇಲೇ, ನಿಮ್ಮ ಮಗು ವಿಷಯ ಮೂಲೆ ಸೇರುತ್ತೆ. ಪೇರೆಂಟ್ಸ್ ವಾಟ್ಸಾಪ್ ಗ್ರೂಪಲ್ಲೂ ಹಾಕ್ಬೇಡಿ, ಅರ್ಧ ಗಂಟೆಗೆ ಅದು ಇಬ್ಬರು ಅಮ್ಮಂದಿರ ಜಗಳ ಆಗಿರುತ್ತೆ.

ಸ್ಕೂಲಲ್ಲಿ ಏನ್ ಕೇಳ್ಬೇಕು

ಮೊದ್ಲು ಕ್ಲಾಸ್ ಟೀಚರ್, ಬೆಳಗ್ಗೆ ಪ್ರೇಯರ್ ಟೈಮಲ್ಲಿ ಅಲ್ಲ, ಫೋನ್ ಮಾಡಿ ಒಂದು ಹೊತ್ತು ಕೇಳಿ ಹೋಗಿ. ಒಂದು ಉದಾಹರಣೆ ಹೇಳ್ತೀನಿ. ನಮ್ಮ ಸ್ಕೂಲಿಗೆ ಕಲಬುರಗಿ ಕಡೆಯಿಂದ ಗಾರೆ ಕೆಲಸಕ್ಕೆ ಬಂದ ಒಂದು ಕುಟುಂಬದ ಹುಡುಗ ಎಂಟನೇ ಕ್ಲಾಸಿಗೆ ಸೇರಿದ್ದ, ಅವನು "ಹೌದ್ರೀ ಮೇಡಂ" ಅಂದಾಗೆಲ್ಲಾ ಹಿಂದಿನ ಬೆಂಚಿಂದ ನಾಲ್ಕು ಜನ ಅದೇ ದನೀಲಿ ಅಣಕಿಸೋರು, ಬರ್ತಾ ಬರ್ತಾ ಅಟೆಂಡೆನ್ಸ್ ಕೂಗಿದ್ರೂ ಅವನು ಬರೀ ಕೈ ಎತ್ತೋನು, ಬಾಯಿ ಬಿಡ್ತಿರ್ಲಿಲ್ಲ. ಒಂದಿನ ಅವರಪ್ಪ ಕೆಲಸದ ಬಟ್ಟೇಲೇ ಬಂದು ಸ್ಟಾಫ್ ರೂಮ್ ಬಾಗಿಲಲ್ಲಿ ನಿಂತು ಒಂದೇ ಪ್ರಶ್ನೆ ಕೇಳಿದ್ರು, "ಮೇಡಂ, ನನ್ನ ಮಗ ಮನ್ಯಾಗ ಭಾಳ ಮಾತಾಡ್ತಾನ್ರೀ, ಸಾಲ್ಯಾಗ ಯಾಕ ಬಾಯಿ ಬಿಡವಲ್ಲ?" ಜಗಳ ಇಲ್ಲ, ಆರೋಪ ಇಲ್ಲ, ಆದ್ರೆ ಆ ಪ್ರಶ್ನೆಗೆ ಉತ್ತರ ಹುಡುಕದೇ ಕೂರೋಕೆ ನಮಗ್ಯಾರಿಗೂ ಆಗ್ಲಿಲ್ಲ. ಎರಡು ದಿನಕ್ಕೆ ಅಣಕಿಸೋರು ಯಾರು ಅಂತ ಗೊತ್ತಾಯ್ತು, ಅವರನ್ನ ಒಬ್ಬೊಬ್ಬರನ್ನೇ ಬೇರೆ ಬೇರೆ ಕರೆದು ಮಾತಾಡಿದ್ವಿ, ಬೆಂಚ್ ಚದುರಿಸಿದ್ವಿ, ಕಬಡ್ಡಿ ಟೀಮಿನ ಇಬ್ಬರು ಹುಡುಗರಿಗೆ ಇವನನ್ನ ಜೊತೆಗೆ ಸೇರಿಸ್ಕೊಳ್ರೋ ಅಂದ್ವಿ. ತಿಂಗಳು ಕಳೆಯೋದ್ರೊಳಗೆ ಅಟೆಂಡೆನ್ಸ್‌ಗೆ "ಬಂದೀನ್ರೀ" ಅಂತ ಕೂಗೋಕೆ ಶುರು ಮಾಡ್ದ. ಆ ಅಪ್ಪ ಮಗನ ಮನೆ ದನಿ ಯಾವ್ದು ಸ್ಕೂಲ್ ದನಿ ಯಾವ್ದು ಅಂತ ಗಮನಿಸಿದ್ರಲ್ಲ, ಅಲ್ಲಿಂದಲೇ ಎಲ್ಲಾ ಶುರುವಾಗಿದ್ದು.

ಟೀಚರ್ ಹತ್ರ ಕೇಳಬೇಕಾದ್ದು ಶಿಕ್ಷೆ ಅಲ್ಲ, ಏರ್ಪಾಡು. ಆ ಜಾಗದಲ್ಲಿ ಆ ಹೊತ್ತಲ್ಲಿ ಯಾರು ನೋಡ್ಕೋತಾರೆ? ಸೀಟ್ ಬದಲಾಯಿಸ್ಬೇಕಾದ್ರೆ ಕಾಟ ಕೊಡೋರ ಸೀಟ್ ಬದಲಾಯಿಸಿ, ನನ್ ಮಗುನ ಸೆಕ್ಷನ್ ಬಿಟ್ಟು ಓಡಿಸ್ಬೇಡಿ. ಕ್ಲಾಸಲ್ಲಿ ಎಲ್ಲರ ಮುಂದೆ ಎದ್ದು ನಿಲ್ಲಿಸಿ "ಇವನಿಗೆ ಯಾರು ತೊಂದ್ರೆ ಕೊಟ್ಟಿದ್ದು" ಅಂತ ಕೇಳ್ಬೇಡಿ. ಮತ್ತೆ ಇಬ್ಬರನ್ನೂ ಎದುರುಬದುರು ನಿಲ್ಲಿಸಿ ಸಾರಿ ಹೇಳ್ಸಿ ಕೈ ಕುಲುಕಿಸೋದು ನಮ್ಮ ಸ್ಕೂಲುಗಳಲ್ಲಿ ತುಂಬಾ ಇದೆ, ಅದು ಸಮಬಲದ ಇಬ್ಬರು ಜಗಳ ಆಡಿದಾಗ ಸರಿ, ಇಲ್ಲಿ ಭಯ ಬಿದ್ದಿರೋ ಮಗುಗೆ ಆ ಎರಡು ನಿಮಿಷ ನರಕ, ಹೊರಗೆ ಬಂದ ಮೇಲೆ ಸಾರಿ ಹೇಳ್ದೋನೇ "ಕಂಪ್ಲೇಂಟ್ ಕೊಡ್ತೀಯಾ" ಅಂತ ಮತ್ತೆ ಹಿಡ್ಕೋತಾನೆ. ಒಂದು ವಾರ ಬಿಟ್ಟು ಮತ್ತೆ ಬರ್ತೀನಿ ಅಂತ ತಾರೀಕು ಹೇಳಿ ಬನ್ನಿ, ಆ ದಿನ ಹೋಗಿ. ಟೀಚರ್‌ಗಳಿಗೆ ಒಂದೊಂದು ಕ್ಲಾಸಲ್ಲಿ ಐವತ್ತು ಅರವತ್ತು ಮಕ್ಕಳಿರ್ತಾರೆ, ಎರಡನೇ ಸಲ ಬಂದ ಪೋಷಕರ ವಿಷಯ ಮರೆಯೋಕೆ ಆಗಲ್ಲ.

ನೋಡ್ತಾ ನಿಂತಿರೋ ಮಕ್ಕಳ ಬಗ್ಗೆನೂ ಕೇಳಿ. ಫಿನ್‌ಲ್ಯಾಂಡಿನ ಟುರ್ಕು ಯೂನಿವರ್ಸಿಟಿಯಲ್ಲಿ ಕೀವಾ ಅಂತ ಒಂದು ಕಾರ್ಯಕ್ರಮ ಮಾಡಿದಾರೆ, ಅದ್ರ ತಿರುಳೇ ಇದು, ಕಾಟ ಕೊಡೋನು ಗುಂಪಿನ ಮುಂದೆ ದೊಡ್ಡವನಾಗೋಕೆ ಕೊಡ್ತಾನೆ, ನಗೋರು ನಗೋದು ನಿಲ್ಲಿಸಿದ್ರೆ ಅವನಿಗೆ ಅದ್ರಲ್ಲಿ ಏನೂ ಸಿಗಲ್ಲ. ನಮ್ಮ ಕ್ಲಾಸುಗಳಲ್ಲೂ ನಾನು ನೋಡಿರೋದು ಇದೇ. ನಿಮ್ಮ ಮಗುಗೆ ಕಾಟ ಇಲ್ದಿದ್ರೂ ಮನೇಲಿ ಹೇಳ್ಕೊಡಿ, ನಗಬೇಡ, ಆ ಮಗು ಪಕ್ಕ ಹೋಗಿ "ಬಾರೋ ಹೋಗೋಣ" ಅಂತ ಕರ್ಕೊಂಡು ಬಾ, ಆಮೇಲೆ ಮಿಸ್‌ಗೆ ಹೇಳು. ಒಬ್ಬ ಫ್ರೆಂಡ್ ಇದ್ರೂ ಸಾಕು ಮಗು ತಡ್ಕೊಳ್ಳುತ್ತೆ.

ಬಾಯಿ ಮಾತಲ್ಲಿ ಆಗ್ಲಿಲ್ಲ ಅಂದ್ರೆ

ಎಚ್‌ಎಂ ಅಥವಾ ಪ್ರಿನ್ಸಿಪಾಲ್‌ಗೆ ಬರವಣಿಗೇಲಿ ಕೊಡಿ, ಎರಡು ಕಾಪಿ, ಒಂದ್ರ ಮೇಲೆ ಸೀಲ್, ಸಹಿ, ತಾರೀಕು ಹಾಕಿಸ್ಕೊಂಡು ಮನೇಲಿಡಿ. ಕೊಡಲ್ಲ ಅಂದ್ರೆ ಇಮೇಲ್ ಮಾಡಿ ಅಥವಾ ಸ್ಪೀಡ್ ಪೋಸ್ಟ್. ಪತ್ರ ಒಂದು ಪುಟ ಸಾಕು, ಹೀಗೆ:

"ಮಾನ್ಯರೇ, ತಮ್ಮ ಶಾಲೆಯ 6ನೇ ತರಗತಿಯಲ್ಲಿ ಓದುತ್ತಿರುವ ನನ್ನ ಮಗಳಿಗೆ ಜುಲೈ 8, 11 ಮತ್ತು 15ರಂದು ಊಟದ ವಿರಾಮದಲ್ಲಿ ಕೆಲವು ಸಹಪಾಠಿಗಳು ಜಡೆ ಎಳೆದು, ಊಟ ಕಿತ್ತುಕೊಂಡು, ಅವಾಚ್ಯ ಮಾತು ಆಡಿದ್ದಾರೆ. ಜುಲೈ 12ರಂದು ತರಗತಿ ಶಿಕ್ಷಕರಿಗೆ ತಿಳಿಸಿದ್ದೇನೆ. ಮಗಳು ಶಾಲೆಗೆ ಬರಲು ಹೆದರುತ್ತಿದ್ದಾಳೆ. ಊಟದ ವೇಳೆ ಮೇಲ್ವಿಚಾರಣೆ ಮಾಡಿಸಿ, ಅವಳ ಹೆಸರು ಬಹಿರಂಗವಾಗದಂತೆ ವಿಚಾರಣೆ ನಡೆಸಿ, ಕೈಗೊಂಡ ಕ್ರಮವನ್ನು ಹತ್ತು ದಿನದೊಳಗೆ ಲಿಖಿತವಾಗಿ ತಿಳಿಸಬೇಕೆಂದು ಕೋರುತ್ತೇನೆ."

ಇಷ್ಟೇ. ಬೈಗುಳ ಬೇಡ, ಪೇಪರ್‌ಗೆ ಹೋಗ್ತೀನಿ ಅನ್ನೋ ಬೆದರಿಕೆ ಬೇಡ. ಸಿಬಿಎಸ್‌ಇ ಸ್ಕೂಲ್ ಆದ್ರೆ 2015ರಲ್ಲೇ ಬೋರ್ಡ್ ಸುತ್ತೋಲೆ ಕಳಿಸಿದೆ, ಇಂಥ ವಿಷಯ ನೋಡೋಕೆ ಸ್ಕೂಲಲ್ಲಿ ಒಂದು ಸಮಿತಿ ಇರ್ಬೇಕು ಅಂತ, ಆ ಸಮಿತೀಲಿ ಯಾರ್ಯಾರಿದಾರೆ ಅಂತ ಕೇಳಿ. ಸರ್ಕಾರಿ ಸ್ಕೂಲ್ ಆದ್ರೆ ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲ್ವಿಚಾರಣಾ ಸಮಿತಿ) ಇದೆ, ಆರ್‌ಟಿಇ ಕಾಯ್ದೆ ಪ್ರಕಾರ ಅದರಲ್ಲಿ ಮುಕ್ಕಾಲು ಪಾಲು ಪೋಷಕರೇ ಇರ್ಬೇಕು, ಮೀಟಿಂಗಲ್ಲಿ ವಿಷಯ ಇಡಿ. ಹಳ್ಳಿಗಳಲ್ಲಿ ಪಂಚಾಯ್ತಿಯವರು ಮಕ್ಕಳ ಗ್ರಾಮಸಭೆ ಮಾಡ್ತಾರೆ, ಅಲ್ಲಿ ಮಕ್ಕಳೇ ಎದ್ದು ನಿಂತು ಸ್ಕೂಲ್ ದಾರೀಲಿ ಇಂಥ ಕಡೆ ನಮಗೆ ತೊಂದ್ರೆ ಆಗ್ತಿದೆ ಅಂತ ಹೇಳಬಹುದು. ಸ್ಕೂಲ್ ಕೈ ಕಟ್ಟಿ ಕೂತ್ರೆ ಬಿಇಒ (ತಾಲ್ಲೂಕಿನ ಶಿಕ್ಷಣಾಧಿಕಾರಿ), ಆಮೇಲೆ ಡಿಡಿಪಿಐ (ಜಿಲ್ಲೆಯ ಶಿಕ್ಷಣ ಇಲಾಖೆ ಉಪನಿರ್ದೇಶಕರು), ಅಲ್ಲೂ ಆಗ್ಲಿಲ್ಲ ಅಂದ್ರೆ ಕರ್ನಾಟಕ ರಾಜ್ಯ ಮಕ್ಕಳ ಹಕ್ಕುಗಳ ರಕ್ಷಣಾ ಆಯೋಗಕ್ಕೆ ದೂರು ಕೊಡಬಹುದು. ಟೀಚರೇ ಹೊಡೆದು ಅವಮಾನ ಮಾಡ್ತಿದ್ರೆ ಅದು ಬೇರೆ ವಿಷಯ, ಆರ್‌ಟಿಇ ಕಾಯ್ದೆಯ 17ನೇ ಸೆಕ್ಷನ್ ಪ್ರಕಾರ ಹೊಡೆಯೋದೂ ಮಾನಸಿಕ ಹಿಂಸೆ ಕೊಡೋದೂ ಎರಡೂ ನಿಷೇಧ.

ಒಂದು ಗೆರೆ ಮಾತ್ರ ಚೆನ್ನಾಗಿ ನೆನಪಿಟ್ಕೊಳ್ಳಿ. ಬಟ್ಟೆ ಎಳೆಯೋದು, ಗುಪ್ತಾಂಗ ಮುಟ್ಟೋದು, ಅಂಥ ಫೋಟೋ ವಿಡಿಯೋ ತೆಗೆಯೋದು, ಇದು ಮಕ್ಕಳ ಮಧ್ಯೆ ಆದ್ರೂ, ಹುಡುಗನಿಗೆ ಆದ್ರೂ ಹುಡುಗಿಗೆ ಆದ್ರೂ, ಲೈಂಗಿಕ ದೌರ್ಜನ್ಯದಿಂದ ಮಕ್ಕಳನ್ನ ಕಾಪಾಡೋ 2012ರ ಪೋಕ್ಸೋ ಕಾಯ್ದೆ ಕೆಳಗೆ ಬರುತ್ತೆ, ವಿಷಯ ಗೊತ್ತಾದ ಸ್ಕೂಲು ಪೊಲೀಸರಿಗೆ ತಿಳಿಸಲೇಬೇಕು, "ಒಳಗೊಳಗೇ ಸರಿ ಮಾಡೋಣ" ಅನ್ನೋ ಅವಕಾಶ ಕಾನೂನಲ್ಲಿ ಇಲ್ಲ. ಜಾತಿ ಹೆಸರು ಹಿಡಿದು ನಿಂದಿಸೋದನ್ನೂ ಮಕ್ಕಳಾಟ ಅಂತ ಬಿಡ್ಬೇಡಿ, ಪತ್ರದಲ್ಲಿ ಆ ಮಾತನ್ನ ಹಾಗೇ ಬರೀರಿ. ಯಾವುದೇ ತುರ್ತಿಗೆ ಮಕ್ಕಳ ಸಹಾಯವಾಣಿ 1098, ಇಪ್ಪತ್ನಾಲ್ಕು ಗಂಟೆ, ದುಡ್ಡಿಲ್ಲ, ಮಗು ತಾನೇ ಫೋನ್ ಮಾಡಬಹುದು. ಈ ನಂಬರ್ ಮಗುಗೆ ಬಾಯಿಪಾಠ ಇರ್ಲಿ.

ಫೋನಲ್ಲಿ ಕಾಟ

ಸ್ಕೂಲ್ ಬಿಟ್ರೂ ಇದು ಬಿಡಲ್ಲ, ರಾತ್ರಿ ಹನ್ನೊಂದಕ್ಕೂ ಕ್ಲಾಸ್ ಗ್ರೂಪಲ್ಲಿ ಮಗಳ ಫೋಟೋನ ಸ್ಟಿಕ್ಕರ್ ಮಾಡಿ ಹರಿಬಿಡ್ತಾರೆ. ಸ್ಕ್ರೀನ್‌ಶಾಟ್ ತೆಗೆಯಿರಿ, ನಂಬರ್ ಮತ್ತೆ ತಾರೀಕು ಕಾಣೋ ಹಾಗೆ, ಆಮೇಲೆ ಬ್ಲಾಕ್ ಮಾಡಿ ರಿಪೋರ್ಟ್ ಮಾಡಿ. ಮೊದ್ಲೇ ಡಿಲೀಟ್ ಮಾಡಿದ್ರೆ ತೋರ್ಸೋಕೆ ಏನೂ ಇರಲ್ಲ. ಉತ್ತರ ಕೊಡೋದು ಬೇಡ, ಮಗು ಹೆಸರಲ್ಲಿ ನೀವು ಟೈಪ್ ಮಾಡೋದಂತೂ ಬೇಡ. ಫೇಕ್ ಅಕೌಂಟು, ಬೆದರಿಕೆ, ಬ್ಲ್ಯಾಕ್‌ಮೇಲ್ ಅಂತಾದ್ರೆ ಸೈಬರ್ ಕ್ರೈಂ ಹೆಲ್ಪ್‌ಲೈನ್ 1930, ಅಥವಾ ಸೈಬರ್ ಅಪರಾಧ ನೋಡೋ ಹತ್ರದ ಸೆನ್ ಪೊಲೀಸ್ ಠಾಣೆ. ನಗ್ನ ಫೋಟೋ ಓಡಾಡ್ತಿದ್ರೆ ಅದನ್ನ ಸಾಕ್ಷಿಗೆ ಅಂತಲೂ ಯಾರಿಗೂ ಫಾರ್ವರ್ಡ್ ಮಾಡ್ಬೇಡಿ, ನೇರ ಪೊಲೀಸರ ಹತ್ರ ಫೋನ್ ತಗೊಂಡು ಹೋಗಿ.

ಇಲ್ಲಿ ಅಪ್ಪ ಅಮ್ಮ ಮಾಡೋ ಕೆಲಸ ಒಂದಿದೆ, "ನಿನಗೆ ಫೋನ್ ಕೊಟ್ಟಿದ್ದೇ ತಪ್ಪು" ಅಂತ ಕಿತ್ಕೊಳ್ಳೋದು. ಫೋನ್ ಹೋಗುತ್ತೆ ಅಂತ ಗೊತ್ತಾದ ಮಗು ಮುಂದಿನ ಸಲ ಏನಾದ್ರೂ ಹೇಳುತ್ತಾ? ಟೈಮ್ ಕಟ್ಟುನಿಟ್ಟು ಮಾಡಿ, ರಾತ್ರಿ ಫೋನ್ ಹಾಲಲ್ಲಿ ಚಾರ್ಜಿಗೆ ಇರ್ಲಿ ಅಂತ ಮನೆಯವರೆಲ್ಲರಿಗೂ ನಿಯಮ ಮಾಡಿ, ಆದ್ರೆ ಹೇಳಿದ್ದಕ್ಕೆ ಶಿಕ್ಷೆ ಅನ್ನೋ ಹಾಗೆ ಬೇಡ.

ಮನೆಯೊಳಗೆ

ಮಾವ ಬಂದಾಗೆಲ್ಲಾ "ಏನೋ ಡುಮ್ಮಾ" ಅಂತಾರೆ, ಮದುವೆ ಮನೇಲಿ ಅತ್ತೆ "ಇವಳು ಯಾಕೆ ಇಷ್ಟು ಕಪ್ಪಾದ್ಲು" ಅಂತಾರೆ, ನಾವು ನಗ್ತೀವಿ. ಮಗು ನಮ್ಮ ಮುಖ ನೋಡ್ತಿರುತ್ತೆ. ಅವತ್ತು ನೀವು "ಅಣ್ಣಾ, ಅವನಿಗೊಂದು ಹೆಸರಿದೆ, ಅದ್ರಲ್ಲೇ ಕರೀರಿ" ಅಂತ ಅಂದ್ರೆ ಮಗುಗೆ ಸಿಗೋ ಧೈರ್ಯ ಯಾವ ಕೌನ್ಸೆಲಿಂಗಲ್ಲೂ ಸಿಗಲ್ಲ. ಸ್ಕೂಲಿನ ಹೊರಗೆ ಒಂದು ಜಗತ್ತು ಕಟ್ಟಿಕೊಡಿ, ಬೀದಿ ಕ್ರಿಕೆಟ್ಟು, ಚೆಸ್ಸು, ಡೊಳ್ಳು, ಲೈಬ್ರರಿ, ಅಜ್ಜಿ ಊರು, ಎಲ್ಲಾದ್ರೂ ಸರಿ, ಅಲ್ಲಿ ಅದನ್ನ ಯಾರೂ ಅಡ್ಡಹೆಸರಿಂದ ಕರೀಬಾರ್ದು.

ನಿದ್ದೆ ಊಟ ಬಿಟ್ಟು, ಮಾತು ಬಿಟ್ಟು ವಾರಗಟ್ಲೆ ಆದ್ರೆ, "ನಾನು ಇರ್ಲೇಬಾರ್ದಿತ್ತು", "ಸತ್ತೋಗ್ಬೇಕು ಅನ್ಸುತ್ತೆ" ಅನ್ನೋ ಮಾತು ಒಂದ್ಸಲ ಬಂದ್ರೂ ಅದನ್ನ ಬೆದರಿಕೆ ಅಂತ ತಳ್ಳಿಹಾಕ್ಬೇಡಿ. "ಹಾಗೆ ಯಾವಾಗಿಂದ ಅನ್ನಿಸ್ತಿದೆ" ಅಂತ ನೇರವಾಗಿ ಕೇಳಿ, ಕೇಳೋದ್ರಿಂದ ಆ ಯೋಚನೆ ಹೊಸದಾಗಿ ಹುಟ್ಟಲ್ಲ. ಒಂಟಿಯಾಗಿ ಬಿಡ್ಬೇಡಿ, ಮನೇಲಿರೋ ಮಾತ್ರೆ, ಗದ್ದೆಗೆ ಹೊಡೆಯೋ ಔಷಧಿ ಕೈಗೆ ಸಿಗದಂಗೆ ಬೀಗ ಹಾಕಿ ಇಡಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿಮಾನಸ್ 14416ಕ್ಕೆ ಫೋನ್ ಮಾಡಿದ್ರೆ ಕನ್ನಡದಲ್ಲೇ ಮಾತಾಡ್ತಾರೆ, ಯಾವ ಹೊತ್ತಲ್ಲಾದ್ರೂ ಮಾಡಬಹುದು, ದುಡ್ಡಿಲ್ಲ. ಜಿಲ್ಲಾಸ್ಪತ್ರೆಗಳಲ್ಲೂ ಮನೋವೈದ್ಯರು ಸಿಗ್ತಾರೆ, ಬೆಂಗಳೂರಿನ ನಿಮ್ಹಾನ್ಸಲ್ಲಿ ಮಕ್ಕಳಿಗೇ ಅಂತ ಪ್ರತ್ಯೇಕ ವಿಭಾಗ ಇದೆ.

ಕಾಟ ಕೊಡ್ತಿರೋದು ನಿಮ್ಮ ಮಗುನೇ ಆಗಿದ್ರೆ

ಸ್ಕೂಲಿಂದ ಫೋನ್ ಬಂದ್ರೆ "ನಮ್ ಹುಡುಗ ಹಂಗಲ್ಲ" ಅನ್ನೋ ಮೊದಲು ಪೂರ್ತಿ ಕೇಳಿ. ಮನೆಗೆ ಬಂದ ಮೇಲೆ ಬೆಲ್ಟ್ ತಗೋಬೇಡಿ, ದೊಡ್ಡೋರು ಚಿಕ್ಕೋರನ್ನ ಹೊಡೆದ್ರೆ ಮಾತು ಕೇಳ್ತಾರೆ ಅಂತ ಅವನು ನಂಬಿರೋದನ್ನೇ ನೀವು ಮತ್ತೆ ಕಲಿಸಿದ ಹಾಗಾಗುತ್ತೆ. ಏನ್ ಮಾಡಿದೆ ಅಂತ ಅವನ ಬಾಯಲ್ಲೇ ಹೇಳ್ಸಿ, ಕಿತ್ಕೊಂಡಿದ್ದು ವಾಪಸ್ ಕೊಡ್ಸಿ, ಹಾಳು ಮಾಡಿದ್ದು ಅವನ ಪಾಕೆಟ್ ಮನೀಲಿ ತಂದು ಕೊಡ್ಲಿ, ಕೆಲವು ವಾರ ಸ್ಕೂಲ್ ಜೊತೆ ಸಂಪರ್ಕದಲ್ಲಿರಿ. ಜೊತೆಗೆ ಅವನಿಗೆ ಯಾರು ಕಾಟ ಕೊಡ್ತಿದಾರೆ ಅಂತಲೂ ನೋಡಿ, ಮನೇಲೋ ಟ್ಯೂಷನ್ನಲ್ಲೋ ವ್ಯಾನಲ್ಲೋ. ತಿಂದಿದ್ದನ್ನ ಇನ್ನೊಬ್ಬರಿಗೆ ದಾಟಿಸೋ ಮಕ್ಕಳೂ ಇದಾರೆ.

ಸ್ಕೂಲ್ ಬದಲಾಯಿಸ್ಬೇಕಾ

ಮೊದಲ ವಾರದಲ್ಲೇ ಈ ನಿರ್ಧಾರ ತಗೋಬೇಡಿ. ಬರೆದುಕೊಟ್ಟು, ಮೇಲಿನವರಿಗೂ ಹೇಳಿ, ಒಂದೆರಡು ತಿಂಗಳಾದ್ರೂ ಏನೂ ಆಗಿಲ್ಲ, ಇಲ್ಲಾ ಸ್ಕೂಲೇ "ನಿಮ್ ಮಗುಗೆ ಹೊಂದ್ಕೊಳ್ಳೋಕೆ ಬರಲ್ಲ" ಅಂತ ಹೇಳೋಕೆ ಶುರು ಮಾಡಿದೆ ಅಂದ್ರೆ ಆಗ ಬದಲಾಯಿಸಿ, ಅದು ಸೋಲಲ್ಲ. ಮಗುನೂ ಕರ್ಕೊಂಡು ಹೋಗಿ ಹೊಸ ಸ್ಕೂಲ್ ತೋರ್ಸಿ, ಅದ್ರ ಅಭಿಪ್ರಾಯ ಕೇಳಿ. ಟಿಸಿ ಕೊಡೋಕೆ ಸತಾಯಿಸ್ತಾರೆ ಅಂತ ಹೆದರ್ಬೇಡಿ, ಆರರಿಂದ ಹದಿನಾಲ್ಕು ವರ್ಷದ ಮಗುನ ಸರ್ಕಾರಿ ಅಥವಾ ಅನುದಾನಿತ ಸ್ಕೂಲಿಗೆ ಸೇರಿಸೋದಾದ್ರೆ ಆರ್‌ಟಿಇ ಕಾಯ್ದೆಯ 5ನೇ ಸೆಕ್ಷನ್ ಪ್ರಕಾರ ಹಳೇ ಸ್ಕೂಲಿನ ಹೆಡ್‌ಮಾಸ್ಟರ್ ತಕ್ಷಣ ಟಿಸಿ ಕೊಡ್ಬೇಕು, ಟಿಸಿ ಲೇಟಾಯ್ತು ಅಂತ ಹೊಸ ಸ್ಕೂಲಿನವರು ಅಡ್ಮಿಷನ್ ನಿಲ್ಲಿಸೋ ಹಾಗಿಲ್ಲ. ಸೇರಿಸೋ ದಿನ ಹೊಸ ಕ್ಲಾಸ್ ಟೀಚರ್‌ಗೆ ಮಗು ಇಲ್ದಾಗ ಒಂದು ಮಾತು ಹೇಳಿ, ಹಳೇ ಸ್ಕೂಲಲ್ಲಿ ಹೀಗಾಗಿತ್ತು, ಮೊದಲ ಎರಡು ವಾರ ಊಟದ ಟೈಮಲ್ಲಿ ಒಂದು ಕಣ್ಣಿಟ್ಟಿರಿ ಮೇಡಂ, ಅಂತ.